ಆಮಿಶ್ ಸಮುದಾಯಕ್ಕೆ ಹೊರಗಿನವರು ಸೇರಬಹುದಾ? (ತಮಾಷೆಗೆ ಕೇಳ್ತಿಲ್ಲ)

ತುಂಗಾತೀರ
ಊರು ತೀರ್ಥಹಳ್ಳಿ ಕಡೆ. ಈಗ ಇರೋದು ಒಹಾಯೋದ ಕೊಲಂಬಸ್‌ನಲ್ಲಿ. ವಯಸ್ಸು 34, ಮದುವೆ ಆಗಿಲ್ಲ, ಸಾಫ್ಟ್‌ವೇರ್ ಕೆಲಸ, ಎಚ್-1ಬಿ ವೀಸಾ.

ಇಲ್ಲಿಂದ ಒಂದೂವರೆ ಗಂಟೆ ಕಾರು ಓಡಿಸಿದ್ರೆ ಹೋಮ್ಸ್ ಕೌಂಟಿ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಬಿಟ್ರೆ ಆಮಿಶರು, ಅಂದ್ರೆ ಕಾರು ಇಟ್ಟುಕೊಳ್ಳದೆ ಕುದುರೆ ಗಾಡಿಯಲ್ಲಿ ಓಡಾಡ್ತಾ ಹಳೇ ಕಾಲದ ಹಾಗೆ ಸರಳವಾಗಿ ಬದುಕೋ ಕ್ರೈಸ್ತ ಪಂಥದವರು, ಅತಿ ಹೆಚ್ಚು ಇರೋದು ಅಲ್ಲೇ. ಮೊದಮೊದಲು ಎಲ್ಲರ ಹಾಗೆ ಚೀಸು, ಕುರ್ಚಿ ಮೇಜು ನೋಡೋಕೆ ಹೋಗ್ತಿದ್ದೆ. ಆಮೇಲೆ ಒಬ್ಬ ಬಡಗಿಯ ಪರಿಚಯ ಆಯ್ತು. ಈಗ ಶನಿವಾರ ಬಿಡುವಿದ್ದಾಗೆಲ್ಲ ಅವರ ವರ್ಕ್‌ಶಾಪ್‌ನಲ್ಲಿ ಮರ ಉಜ್ಜಿ ಕೊಡ್ತೀನಿ, ಮಧ್ಯಾಹ್ನ ಅವರ ಮನೇಲೇ ಊಟ. ಅಜ್ಜ, ಅಜ್ಜಿ, ಮಕ್ಕಳು ಎಲ್ಲ ಒಂದೇ ಮೇಜಿಗೆ. ವಾಪಸ್ ಬಂದು ಅಪಾರ್ಟ್‌ಮೆಂಟ್ ಬಾಗಿಲು ತೆಗೆದ್ರೆ ಮಾತಾಡೋಕೆ ಅಲೆಕ್ಸಾ ಒಬ್ಬಳೇ.

ನೇರವಾಗಿ ಕೇಳ್ತೀನಿ. ಹುಟ್ಟಿನಿಂದ ಆಮಿಶ್ ಅಲ್ಲದವನು ಸೇರಬಹುದಾ? ಸೇರಿದವರನ್ನ ಯಾರಾದ್ರೂ ನೋಡಿದ್ದೀರಾ? "ಮೊದಲು ಫೋನ್ ಬಿಡು ನೋಡೋಣ" ಅನ್ನೋ ಜೋಕು ದಯವಿಟ್ಟು ಬೇಡ.

ಬೆಣ್ಣೆದೋಸೆ
ಮೊದಲು ಫೋನ್ ಬಿಡು ನೋಡೋಣ.

ಲಲಿತಕ್ಕ
ಬೆಣ್ಣೆದೋಸೆ, ಸುಮ್ಮನಿರಪ್ಪಾ, ಹುಡುಗ ಮನಸ್ಸು ಬಿಚ್ಚಿ ಕೇಳ್ತಿದ್ದಾನೆ.

ತುಂಗಾತೀರ, ನಾನು ಲ್ಯಾಂಕಾಸ್ಟರ್ ಹತ್ತಿರ ಬಹಳ ವರ್ಷದಿಂದ ಇದ್ದೀನಿ, ಆಸ್ಪತ್ರೆ ಕೆಲಸ. ದಿನಾ ಆಮಿಶ್ ಮನೆಯವರ ಜೊತೆ ವ್ಯವಹಾರ. ಹೊರಗಿನವರು ಸೇರಬಾರದು ಅನ್ನೋ ನಿಯಮ ಇಲ್ಲ. ಆದ್ರೆ ಸೇರಿ, ನಿಂತು, ಅಲ್ಲೇ ಮುದುಕರಾದವರು ಬೆರಳೆಣಿಕೆ. ಅಮೆರಿಕ, ಕೆನಡಾ ಸೇರಿ ಈಗ ಸುಮಾರು 4 ಲಕ್ಷ ಆಮಿಶರಿದ್ದಾರೆ. ಹತ್ತಿರಹತ್ತಿರ 20 ವರ್ಷಕ್ಕೊಮ್ಮೆ ಸಂಖ್ಯೆ ಇಮ್ಮಡಿ ಆಗ್ತಿದೆ, ಅದು ಹೆಚ್ಚುಕಮ್ಮಿ ಪೂರ್ತಿ ಮನೆ ಮಕ್ಕಳಿಂದಲೇ. ಮನೆ ತುಂಬ ಮಕ್ಕಳು, ಅವರಲ್ಲಿ ನೂರಕ್ಕೆ 85 ಜನವಾದ್ರೂ ದೊಡ್ಡವರಾದ ಮೇಲೆ ದೀಕ್ಷಾಸ್ನಾನ ತಗೊಂಡು ಅಲ್ಲೇ ಉಳೀತಾರೆ. ಹೊರಗಿನವರನ್ನ ಕರೆಯೋ ಅಗತ್ಯವೂ ಇಲ್ಲ, ರೂಢಿಯೂ ಇಲ್ಲ.

ಕೇಳಬೇಕಾದ್ದು ಅಲ್ಲಿನ ಬಿಷಪ್ ಹತ್ತಿರ. 20ರಿಂದ 40 ಮನೆ ಸೇರಿದ್ರೆ ಒಂದು ಸಭೆ, ಅದಕ್ಕೆ ಒಬ್ಬ ಬಿಷಪ್, ಸಾಮಾನ್ಯವಾಗಿ ಇಬ್ಬರು ಬೋಧಕರು, ಅವರಿಗೆ ನೆರವಾಗೋಕೆ ಒಬ್ಬ ಡೀಕನ್. ಅವರ ಮೇಲೆ ಪೋಪ್ ಥರ ಯಾರೂ ಇಲ್ಲ. ಅವರು ಒಪ್ಪಿದ್ರೂ ಮೊದಲೇ ಸೇರಿಸಿಕೊಳ್ಳಲ್ಲ. ಹತ್ತಿರದಲ್ಲಿ ಬಾಡಿಗೆಗೆ ಇರು, ಯಾರದಾದ್ರೂ ಕೈಕೆಳಗೆ ಕೆಲಸ ಮಾಡು, ಕಾರು ಮಾರು, ಅವರ ಬಟ್ಟೆ ಹಾಕು, ಭಾಷೆ ಕಲಿ ಅಂತಾರೆ. ಇದೇ ಒಂದು ವರ್ಷಕ್ಕೂ ಮೇಲೆ ನಡೆಯುತ್ತೆ. ಅದಾದ ಮೇಲೆ ಅವರ ಹುಡುಗ ಹುಡುಗಿಯರ ಜೊತೆ ಕೂತು ಅವರ ನಂಬಿಕೆಯನ್ನ ಬರೆದಿಟ್ಟಿರೋ 1632ರ 18 ವಿಧಿಗಳ ಪಾಠ. ಆಮೇಲೆ ಸಭೆಯ ಒಪ್ಪಿಗೆ. ಆಮೇಲೆ ಮಂಡಿಯೂರಿ ದೀಕ್ಷಾಸ್ನಾನ.

ಸಂಶಯಪ್ಪ
ಒಂದು ಸಣ್ಣ ಪ್ರಶ್ನೆ. ಯೇಸುವನ್ನ ನಂಬ್ತೀಯಾ? ಇಡೀ ಪೋಸ್ಟ್‌ನಲ್ಲಿ ಊಟದ ಮೇಜಿದೆ, ದೇವರೇ ಇಲ್ಲವಲ್ಲ.

ಧಾರವಾಡ ದತ್ತೂ
ಏನಪಾ ತಮ್ಮಾ, ತೀರ್ಥಹಳ್ಳ್ಯಾಗ ಅಡಕಿ ತ್ವಾಟ ಇರಬೇಕಲ್ಲ ನಿಮ್ಮದು? ಕರೆಂಟ ಅಲ್ಲೇನೂ ಮಳಿಗಾಲದಾಗ ಇರೂದಿಲ್ಲ. ಮೊಬೈಲ್ ಸಿಗ್ನಲ್ ಹುಡಕಾಕ ಗುಡ್ಡ ಹತ್ತಬೇಕು. ವಿಮಾನದ ರೊಕ್ಕಾ ಉಳಸಿ ಆಮಿಶ್ ಆಗಬೇಕಂತಿ, ಅಪ್ಪ ಅವ್ವನ ಕೂಡ ಆಗು.

ತುಂಗಾತೀರ
ದತ್ತೂ ಸರ್, ತೋಟ ಇದೆ. ಆದ್ರೆ ನಮ್ಮೂರ ಹುಡುಗರೆಲ್ಲ ಬೆಂಗಳೂರಲ್ಲಿದ್ದಾರೆ, ತೋಟಕ್ಕೆ ಹೋದ್ರೆ ನಾನು ಮತ್ತು ಮಂಗಗಳು. ನನಗೆ ಬೇಕಾಗಿರೋದು ಜನ. ಇಲ್ಲಿ ಇಪ್ಪತ್ತು ವರ್ಷದ ಹುಡುಗನೂ ಅಪ್ಪನ ಪಕ್ಕದ ಜಾಗದಲ್ಲೇ ಮನೆ ಕಟ್ಟೋ ಕನಸು ಕಾಣ್ತಾನೆ.

ಸಂಶಯಪ್ಪ ಅವರಿಗೆ ಆಮೇಲೆ ಉತ್ತರ ಕೊಡ್ತೀನಿ.

ಕಟ್ಟೆಪುರಾಣ
ಸೇರಿಬಿಡು ಗುರು, ಅವರು ಟ್ಯಾಕ್ಸೇ ಕಟ್ಟಲ್ಲ. ಕರೆಂಟ್ ಅಂದ್ರೆ ಪಾಪ ಅಂತಾರೆ, ಬಿಲ್ಲೂ ಇಲ್ಲ. ಹೊಲ, ಹಸು, ಕುದುರೆ. ಚಿಂತೆ ಏನಿದೆ?

ವೀಸಾ ವಿಶ್ವ
ಕಟ್ಟೆಪುರಾಣ, ಹೆಸರಿಗೆ ತಕ್ಕ ಮಾತು. ಆದಾಯ ತೆರಿಗೆ ಕಟ್ತಾರೆ, ಆಸ್ತಿ ತೆರಿಗೆ ಕಟ್ತಾರೆ. ತಮ್ಮ ಮಕ್ಕಳು ಹೋಗದ ಸರ್ಕಾರಿ ಶಾಲೆಗೂ ಆ ತೆರಿಗೆಯಲ್ಲೇ ದುಡ್ಡು ಹೋಗುತ್ತೆ. ಅವರಿಗಿರೋ ವಿನಾಯಿತಿ ಸೋಷಿಯಲ್ ಸೆಕ್ಯೂರಿಟಿಗೆ, ಅದೂ 1965ರ ಕಾನೂನಿನಿಂದ ಸ್ವಂತ ಉದ್ಯೋಗದವರಿಗೆ. ಕಟ್ಟಲ್ಲ, ವಯಸ್ಸಾದ ಮೇಲೆ ಪಿಂಚಣಿಯನ್ನೂ ಕೇಳಲ್ಲ, ಮುದುಕರನ್ನ ಮನೆಯವರೇ ನೋಡ್ಕೋತಾರೆ.

ಇನ್ನು ತುಂಗಾತೀರ ಅವರ ನಿಜವಾದ ಅಡ್ಡಿ ಬಿಷಪ್ ಅಲ್ಲ, ವಲಸೆ ಇಲಾಖೆ. ಎಚ್-1ಬಿ ಅಂದ್ರೆ ಆ ಕಂಪನಿಯ ಆ ಕೆಲಸಕ್ಕೆ ಮಾತ್ರ. ಕೆಲಸ ಬಿಟ್ಟ ಮೇಲೆ ಹೆಚ್ಚೆಂದ್ರೆ 60 ದಿನ. ಬಡಗಿ ಹತ್ತಿರ ಸಂಬಳಕ್ಕೆ ಕೆಲಸ ಮಾಡಿದ್ರೆ ಅದೇ ಉಲ್ಲಂಘನೆ. ಈಗ ಶನಿವಾರ ಮಾಡ್ತಿರೋ ಉಜ್ಜಾಟಕ್ಕೂ ದುಡ್ಡು ಮುಟ್ಟಬೇಡಿ. ಧಾರ್ಮಿಕ ಕೆಲಸಗಾರರ ಆರ್-1 ವೀಸಾ ಇದೆಯಲ್ಲ ಅಂತ ಯಾರಾದ್ರೂ ಹೇಳ್ತಾರೆ, ಅದಕ್ಕೆ ಮೊದಲೇ ಎರಡು ವರ್ಷ ಆ ಪಂಥದ ಸದಸ್ಯನಾಗಿರಬೇಕು, ಸಂಸ್ಥೆ ಕರೆಸಿಕೊಳ್ಳಬೇಕು. ಆಮಿಶ್ ಬೋಧಕರಿಗೇ ಸಂಬಳ ಇಲ್ಲ, ನಿಮಗೆ ಯಾರು ಅರ್ಜಿ ಹಾಕ್ತಾರೆ? ಗ್ರೀನ್ ಕಾರ್ಡ್ ಬರೋ ತನಕ ಇದೆಲ್ಲ ಗಾಳಿಗೋಪುರ. ಭಾರತೀಯರ ಸರದಿ ಗೊತ್ತೇ ಇದೆ.

ಬೆಣ್ಣೆದೋಸೆ
ಅಂದ್ರೆ ಗ್ರೀನ್ ಕಾರ್ಡ್ ಬರೋ ಹೊತ್ತಿಗೆ ನೇರವಾಗಿ ಆಮಿಶ್ ಅಜ್ಜ.

ಎಲ್ಕಾರ್ಟ್ ಈರಣ್ಣ
ಹೊಲ, ಹಸು ಅಂದವರಿಗೆ ಒಂದು ಮಾತು. ನಾನಿರೋದು ಇಂಡಿಯಾನಾದಲ್ಲಿ. ಎಲ್ಕಾರ್ಟ್, ಲಗ್ರೇಂಜ್ ಕಡೆ ಎಷ್ಟೋ ಆಮಿಶ್ ಗಂಡಸರು ಬೆಳಗ್ಗೆ ಕತ್ತಲಲ್ಲೇ ಎದ್ದು ಫ್ಯಾಕ್ಟರಿಗೆ ಹೋಗ್ತಾರೆ. ಏನು ಮಾಡೋ ಫ್ಯಾಕ್ಟರಿ? ರಜೆಯಲ್ಲಿ ಮನೆ ಸಮೇತ ಊರೂರು ಸುತ್ತೋ ದೊಡ್ಡ ವಾಹನ ಇವೆಯಲ್ಲ, ಅವು. ಕಾರು ಇಟ್ಟುಕೊಳ್ಳದವರು ಅವನ್ನ ಕಟ್ತಾರೆ! ಭೂಮಿ ಬೆಲೆ ಆಕಾಶಕ್ಕೇರಿದೆ, ಎಲ್ಲ ಗಂಡುಮಕ್ಕಳಿಗೂ ಹೊಲ ಹಂಚೋಕೆ ಎಲ್ಲಿಂದ ತರ್ತಾರೆ? ಲ್ಯಾಂಕಾಸ್ಟರ್‌ನಲ್ಲೂ ಬೇಸಾಯದಿಂದಲೇ ಬದುಕೋರು ಈಗ ಕಡಿಮೆ.

ಕರೆಂಟ್ ಪಾಪ ಅನ್ನೋದೂ ತಪ್ಪು. ಹೊರಗಿನ ಲೈನಿಗೆ ಮನೆ ಜೋಡಿಸಬಾರದು ಅಷ್ಟೇ. ಬ್ಯಾಟರಿ, ಸೋಲಾರ್, ಗ್ಯಾಸ್ ಫ್ರಿಜ್ಜು ಎಷ್ಟೋ ಕಡೆ ಇವೆ. ವರ್ಕ್‌ಶಾಪ್ ಯಂತ್ರಗಳು ಡೀಸೆಲ್ ಎಂಜಿನ್ ಒತ್ತೋ ಗಾಳಿಯಲ್ಲಿ ಓಡ್ತವೆ. ಹೋಮ್ಸ್ ಕೌಂಟಿಯಲ್ಲಿ ಎಲೆಕ್ಟ್ರಿಕ್ ಸೈಕಲ್ ನೋಡಿರ್ತೀರಲ್ಲ ತುಂಗಾತೀರ?

ತುಂಗಾತೀರ
ನೋಡಿದ್ದೀನಿ, ಗಡ್ಡ ಹಾರಿಸ್ಕೊಂಡು ನನ್ನ ಕಾರಿಗೇ ಸೈಡ್ ಹೊಡೀತಾರೆ. ಅದೇ ಊರಲ್ಲಿ ಶ್ವಾರ್ಟ್ಸೆಂಟ್ರೂಬರ್ ಅನ್ನೋ ಪಂಗಡದವರು ಕುದುರೆ ಗಾಡಿ ಹಿಂದೆ, ನಿಧಾನ ಹೋಗೋ ಗಾಡಿ ಅಂತ ತೋರಿಸೋ ಕಿತ್ತಳೆ ಬಣ್ಣದ ತ್ರಿಕೋನ ಹಾಕೋಕೂ ಒಪ್ಪಲ್ಲ, ಥಳಕು ಅಂತ. ಎರಡೂ ಆಮಿಶೇ.

ಕುಡ್ಲ ಕ್ರಿಸ್ಟಿ
ನಾನು ಮಂಗಳೂರಿನ ಕೆಥೊಲಿಕ್, ಹಾಗಾಗಿ ಸಂಶಯಪ್ಪನವರ ಪ್ರಶ್ನೆಯನ್ನೇ ಮತ್ತೆ ಎತ್ತುತ್ತೇನೆ ಮಾರಾಯ್ರೆ. ಇದು ಜೀವನಶೈಲಿ ಅಲ್ಲ, ಇಗರ್ಜಿ. ಕತೆ ಶುರುವಾದದ್ದು 1525ರಲ್ಲಿ ಜ್ಯೂರಿಕ್‌ನಲ್ಲಿ. ಮಗುವಿಗೆ ದೀಕ್ಷಾಸ್ನಾನ ಮಾಡಿಸಿದರೆ ಆಗುವುದಿಲ್ಲ, ದೊಡ್ಡವನಾಗಿ ತಿಳಿದು ತಾನೇ ಒಪ್ಪಬೇಕು ಅಂತ ಕೆಲವರು ನಿಂತರು. 1527ರಲ್ಲಿ ಫೆಲಿಕ್ಸ್ ಮಾಂಟ್ಸ್ ಅನ್ನುವವನನ್ನು ಅಲ್ಲಿಯ ನದಿಯಲ್ಲಿ ಮುಳುಗಿಸಿ ಕೊಂದರು, ಅದೂ ಪ್ರೊಟೆಸ್ಟೆಂಟ್ ಸುಧಾರಕರದ್ದೇ ಊರಿನಲ್ಲಿ. ನಮ್ಮ ಕೆಥೊಲಿಕರೂ ಕಡಿಮೆ ಕೊಂದವರಲ್ಲ. ಆಮೇಲೆ 1693ರಲ್ಲಿ ಇವರೊಳಗೇ ಜಗಳ ಆಯ್ತು. ಬಹಿಷ್ಕಾರ ಹಾಕಿದವನ ಜೊತೆ ಊಟಕ್ಕೆ ಕೂರಬಹುದೋ ಬಾರದೋ ಅನ್ನುವುದು ಜಗಳದ ಒಂದು ಮುಖ್ಯ ಕಾರಣ. ಕೂರಬಾರದು ಅಂದ ಯಾಕೋಬ್ ಅಮ್ಮನ್ ಕಡೆಯವರೇ ಆಮಿಶರು.

ಈಗಲೂ ಅವರು ಹಾಡುವ ಪದಗಳಲ್ಲಿ ಹಳೆಯವು 16ನೇ ಶತಮಾನದಲ್ಲಿ ಜರ್ಮನಿಯ ಪಸ್ಸಾವ್ ಕೋಟೆಯ ಸೆರೆಯಲ್ಲಿ ಕೂತವರು ಬರೆದದ್ದು. ಪುಸ್ತಕದಲ್ಲಿ ರಾಗದ ಗುರುತೇ ಇಲ್ಲ, ಕೇಳಿಯೇ ಕಲಿಯಬೇಕು. ಪ್ರತಿ ಆರಾಧನೆಯಲ್ಲಿ ಎರಡನೆಯದಾಗಿ ಹಾಡುವ ಒಂದು ಹಾಡಿಗೇ ಇಪ್ಪತ್ತು ನಿಮಿಷ ಬೇಕು, ಅಷ್ಟು ನಿಧಾನ. ಪೂರ್ತಿ ಆರಾಧನೆ ಮೂರು ಗಂಟೆ, ಬೆನ್ನಿಗೆ ಆಸರೆ ಇಲ್ಲದ ಬೆಂಚಿನ ಮೇಲೆ, ಜರ್ಮನಿನಲ್ಲಿ. ನೀವು ಒಂದು ಭಾನುವಾರವಾದರೂ ಹೋಗಿ ಕೂತಿದ್ದು ಉಂಟಾ? ಶನಿವಾರದ ಊಟ ಎಲ್ಲರಿಗೂ ಇಷ್ಟವೇ.

ಸಂಶಯಪ್ಪ
ಕ್ರಿಸ್ಟಿಯವರಿಗೆ ಒಂದು ಸೆಲ್ಯೂಟ್.

ಹಳೇ ಮೈಸೂರು
ಸನ್ಯಾಸ ತಗೊಳ್ಳೋ ಹಾಗೆ ಅಂದ್ಕೊಳ್ಳಿ. ಮಠ ಸೇರ್ತಾರಲ್ಲ, ಎಷ್ಟೋ ಇಂಜಿನಿಯರ್‌ಗಳು ಸೇರಿದ್ದಾರೆ. ಹುಡುಗನಿಗೆ ವೈರಾಗ್ಯ ಬಂದಿದೆ, ತಡೆಯೋಕೆ ನಾವ್ಯಾರು?

ಮಲ್ಲಿಗೆಮೊಗ್ಗು
ಸನ್ಯಾಸವಂತೆ! ಹಳೇ ಮೈಸೂರು ಸರ್, ಮಠ ಸೇರಿದವನು ಮನೆಮಾರು ಬಿಟ್ಟು ಹೋಗ್ತಾನೆ. ಇಲ್ಲಿ ಉಲ್ಟಾ, ಪೂರ್ತಿ ಮನೆಮಾರಿನೊಳಗೇ ಹೋಗೋದು. ಇದು ಸೊಸೆಯಾಗಿ ಹೋಗೋ ಲೆಕ್ಕ. ಅವರ ಮನೆ, ಅವರ ಭಾಷೆ, ಅವರು ಹೇಳಿದ ಸೀರೆ, ಅವರ ಅಡುಗೆ. ಮುವ್ವತ್ತು ವರ್ಷ ಆದ ಮೇಲೂ "ಆಕೆ ಬೇರೆ ಕಡೆಯಿಂದ ಬಂದವಳು" ಅಂತಾರೆ. ನಾವು ಹೆಂಗಸರು ಇದನ್ನ ತಲೆತಲಾಂತರದಿಂದ ಮಾಡ್ತಾ ಬಂದಿದ್ದೀವಿ. ಒಬ್ಬ ಗಂಡಸು ತಾನಾಗಿ ಕೇಳ್ಕೊಂಡು ಹೋಗ್ತೀನಿ ಅಂದ್ರೆ ನೋಡೋಕೆ ನನಗಂತೂ ಕುತೂಹಲ.

ಮದುವೆ ಬಗ್ಗೆ ಯಾರೂ ಹೇಳಲಿಲ್ಲ. ದೀಕ್ಷಾಸ್ನಾನ ಆದ ಸದಸ್ಯರೊಳಗೇ ಮದುವೆ. ಅಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಇಪ್ಪತ್ತೊಂದು ಇಪ್ಪತ್ತೆರಡಕ್ಕೆಲ್ಲ ಮದುವೆ ಆಗಿರುತ್ತೆ. ಈ ಅಣ್ಣ ಸೇರೋ ಹೊತ್ತಿಗೆ ನಲವತ್ತು ದಾಟಿರ್ತಾರೆ. ಯಾವ ಅಪ್ಪ ಕೊಡ್ತಾನೆ? ವಿಚ್ಛೇದನ ಇಲ್ಲ. ಬೋಧಕರನ್ನ ಸೂಚಿಸೋಕೆ ಹೆಂಗಸರಿಗೂ ಮತ ಉಂಟು, ಆದ್ರೆ ಆ ಜಾಗದಲ್ಲಿ ಕೂರೋ ಹಾಗಿಲ್ಲ. ಅಲ್ಲಿನ ಶಾಂತಿಯನ್ನ ದಿನಾ ಬೆಳಗ್ಗೆ ಒಲೆ ಮುಂದೆ ನಿಂತು ಮಾಡೋರು ಯಾರು ಅಂತಲೂ ಸ್ವಲ್ಪ ನೋಡಿ.

ತುಂಗಾತೀರ
ಮಲ್ಲಿಗೆಮೊಗ್ಗು ಅವರೇ, ಆ ಮನೆಯಲ್ಲಿ ಊಟ ಆದ ಮೇಲೆ ಪಾತ್ರೆ ತೊಳೆಯೋಕೆ ನಾನೂ ಎದ್ದೆ. ಹುಡುಗಿಯರು ನಕ್ಕು ಕೂರಿಸಿದ್ರು. ನೀವು ಹೇಳಿದ್ದು ಅರ್ಥ ಆಗುತ್ತೆ.

ಭಾನುವಾರ ಹೋಗಿಲ್ಲ ಕ್ರಿಸ್ಟಿಯವರೇ, ಕರೆದಿದ್ದಾರೆ. ಎರಡು ವಾರಕ್ಕೊಮ್ಮೆ ಒಬ್ಬೊಬ್ಬರ ಮನೇಲಿ ನಡೆಯುತ್ತಂತೆ. ನಂಬಿಕೆ ವಿಷಯ... ನಾನು ಯೇಸುವನ್ನ ಗೌರವಿಸ್ತೀನಿ. ಬೆಟ್ಟದ ಮೇಲಿನ ಉಪದೇಶ ಓದಿದ್ದೀನಿ. ಅದನ್ನ ಹಾಗೇ ಪಾಲಿಸೋ ಜನ ಇವರನ್ನ ಬಿಟ್ಟು ನಾನು ನೋಡಿಲ್ಲ. 2006ರಲ್ಲಿ ನಿಕಲ್ ಮೈನ್ಸ್ ಅನ್ನೋ ಊರಿನ ಆಮಿಶ್ ಶಾಲೆಯಲ್ಲಿ ಒಬ್ಬ ಗುಂಡು ಹಾರಿಸಿ ಐದು ಹೆಣ್ಣುಮಕ್ಕಳನ್ನ ಕೊಂದಾಗ, ಇವರು ಆ ಕೊಂದವನ ಹೆಂಡತಿ ಮಕ್ಕಳಿಗೆ ಸಮಾಧಾನ ಹೇಳೋಕೆ ಹೋದ್ರು, ಅವನ ಅಂತ್ಯಕ್ರಿಯೆಗೂ ಹೋದ್ರು. ಅದನ್ನ ಓದಿದ ಮೇಲೆ ಇವರನ್ನ ನೋಡೋ ರೀತಿಯೇ ಬದಲಾಯ್ತು.

ಲಲಿತಕ್ಕ
ಅದು ನಮ್ಮ ಕೌಂಟಿಯಲ್ಲೇ ಆಗಿದ್ದು. ಹತ್ತು ದಿನಕ್ಕೆಲ್ಲ ಆ ಶಾಲೆ ಕಟ್ಟಡವನ್ನೇ ಕೆಡವಿಹಾಕಿದ್ರು.

ಆದ್ರೆ ತಮ್ಮಾ, ಗೌರವಿಸ್ತೀನಿ ಅಂದ್ರೆ ಅಲ್ಲಿ ಸಾಲಲ್ಲ. ಸಭೆಯ ಮುಂದೆ ಮಂಡಿಯೂರಿ, ಕ್ರಿಸ್ತ ದೇವರ ಮಗ ಅಂತ ಹೇಳಬೇಕು, ಸಾಯೋ ತನಕ ಈ ಸಭೆಯ ಕಟ್ಟಳೆಗೆ ಬದ್ಧ ಅಂತಲೂ ಹೇಳಬೇಕು. ಗಂಡಸಾದ್ರೆ ಇನ್ನೊಂದು ಮಾತೂ ಸೇರುತ್ತೆ. ಚೀಟಿ ನಿನಗೆ ಬಿದ್ರೆ ಬೋಧಕನಾಗ್ತೀನಿ ಅಂತ. ಹಾಡಿನ ಪುಸ್ತಕಗಳಲ್ಲಿ ಒಂದರೊಳಗೆ ಚೀಟಿ ಇಟ್ಟಿರ್ತಾರೆ, ಯಾರು ಆ ಪುಸ್ತಕ ಎತ್ತಿಕೊಂಡ್ರೋ ಅವರಿಗೆ ಜೀವನಪೂರ್ತಿ ಜವಾಬ್ದಾರಿ. ಚೀಟಿ ಬಿದ್ದವರ ಮನೆಯವರು ಅತ್ತುಬಿಡ್ತಾರೆ. ಅಷ್ಟು ಭಾರ ಅದು.

ಎಷ್ಟೋ ಜನ ಕರೆಂಟು, ಕಾರು ಬಿಡೋದೇ ಕಷ್ಟ ಅಂದ್ಕೊಂಡಿದ್ದಾರೆ. ಅದು ಆರು ತಿಂಗಳಿಗೆ ಅಭ್ಯಾಸ ಆಗುತ್ತೆ. ಬಿಡೋಕೆ ಆಗದೇ ಇರೋದು "ನನಗೆ ಹೀಗನ್ನಿಸುತ್ತೆ" ಅನ್ನೋದು. ಟೋಪಿಯ ಅಂಚು ಎಷ್ಟಗಲ ಅಂತ ಸಭೆ ಹೇಳುತ್ತೆ, ಯಾಕೆ ಅಂತ ಕೇಳೋ ಹಾಗಿಲ್ಲ. ಅಂದ್ರೆ ಕೇಳಬಹುದು, ಒಂದು ಸಲ. ಹೊರಗಿಂದ ಬಂದವರು ಹೆಚ್ಚಾಗಿ ಓದಿದವರು, ತಮ್ಮದೇ ತಲೆ ಇಟ್ಟುಕೊಂಡು ದೊಡ್ಡ ಪ್ರಪಂಚದ ಜೊತೆ ಜಗಳ ಆಡಿ ಬಂದವರು. ಆ ತಲೆಯೇ ಅಲ್ಲಿ ನಿಲ್ಲೋಕೆ ಬಿಡಲ್ಲ.

ಕಟ್ಟೆಪುರಾಣ
ಇದು ಗುಲಾಮಗಿರಿ ಅಲ್ವಾ? ಮಕ್ಕಳನ್ನ ಎಂಟನೇ ಕ್ಲಾಸಿಗೇ ಶಾಲೆ ಬಿಡಿಸ್ತಾರೆ. ಸರ್ಕಾರ ಏನು ಮಾಡ್ತಿದೆ?

ವೀಸಾ ವಿಶ್ವ
ಸರ್ಕಾರ ಮಾಡಿತ್ತು, ಸುಪ್ರೀಂ ಕೋರ್ಟ್ ಬೇಡ ಅಂತು. ವಿಸ್ಕಾನ್ಸಿನ್ ರಾಜ್ಯ ಮೂವರು ಅಪ್ಪಂದಿರಿಗೆ ತಲಾ 5 ಡಾಲರ್ ದಂಡ ಹಾಕಿತ್ತು. 1972ರಲ್ಲಿ ಯೋಡರ್ ಪ್ರಕರಣದಲ್ಲಿ ಆಮಿಶರ ಕಡೆ ತೀರ್ಪಾಯ್ತು. ನ್ಯಾಯಮೂರ್ತಿ ಡಗ್ಲಸ್ ಮಾತ್ರ "ಮಕ್ಕಳನ್ನೂ ಕೇಳಬೇಕಲ್ಲ" ಅನ್ನೋ ಅರ್ಥದಲ್ಲಿ ಭಿನ್ನವಾಗಿ ಬರೆದ್ರು. ನನ್ನ ಮತ ಅವರಿಗೆ.

ಎಲ್ಕಾರ್ಟ್ ಈರಣ್ಣ
ಗುಲಾಮಗಿರಿ ಅನ್ನೋದು ಜಾಸ್ತಿಯಾಯ್ತು. ಹದಿನಾರು ದಾಟಿದ ಮೇಲೆ ಹುಡುಗರಿಗೆ ಕೆಲವು ವರ್ಷ ಸಡಿಲ ಬಿಡ್ತಾರೆ. ದೀಕ್ಷಾಸ್ನಾನ ಆಗೋ ಮೊದಲು ಹೊರಟು ಹೋದ್ರೆ ಬಹಿಷ್ಕಾರ ಇಲ್ಲ, ಮನೆಗೆ ಬಂದು ಹೋಗಬಹುದು. ಮಾತು ಕೊಟ್ಟು ಮುರಿದವರಿಗೆ ಮಾತ್ರ ಅದು.

ಮಲ್ಲಿಗೆಮೊಗ್ಗು
ಎಂಟನೇ ಕ್ಲಾಸ್ ಓದಿ, ಒಂದೇ ಒಂದು ಊರು ನೋಡಿ, ಇಪ್ಪತ್ತನೇ ವಯಸ್ಸಿಗೆ "ಆಯ್ಕೆ" ಮಾಡೋದು. ಸರಿ ಬಿಡಿ.

ಕುಡ್ಲ ಕ್ರಿಸ್ಟಿ
ಬಹಿಷ್ಕಾರದ ವಿಷಯ ತುಂಗಾತೀರ ಸರಿಯಾಗಿ ತಿಳಿಯಬೇಕು. ಅವರ ಮಕ್ಕಳಿಗಾದರೂ ಹೊರಗೆ ಹೋದರೆ ಮೊದಲೇ ಹೋದ ಅಣ್ಣನೋ ಭಾವನೋ ಸಿಗುತ್ತಾನೆ. ನೀವು ಕೆಲಸ, ವೀಸಾ, ಅಪ್ಪ ಅಮ್ಮನ ದೇವರು ಎಲ್ಲ ಬಿಟ್ಟು ಹೋಗಿ, ಐದು ವರ್ಷಕ್ಕೆ ಬೇಡ ಅನಿಸಿದರೆ? ಆ ಬಡಗಿ ನಿಮ್ಮ ಜೊತೆ ಒಂದೇ ಮೇಜಿಗೆ ಕೂರಲಿಕ್ಕಿಲ್ಲ.

ಬೇರೆ ದಾರಿಗಳೂ ಉಂಟು. ನ್ಯೂ ಆರ್ಡರ್ ಆಮಿಶರು ಹೊರಗಿನವರ ಜೊತೆ ಸ್ವಲ್ಪ ಸಲೀಸು, 1960ರ ದಶಕದಲ್ಲಿ ಬೇರೆಯಾದವರು. ಬೀಚಿ ಆಮಿಶ್ ಮೆನೊನೈಟರು 1927ರಿಂದ, ಕಾರು ಇಟ್ಟುಕೊಳ್ಳುತ್ತಾರೆ, ಆರಾಧನೆ ಹೆಚ್ಚಾಗಿ ಇಂಗ್ಲಿಷಿನಲ್ಲೇ. ಆಸ್ತಿಯೂ ಒಟ್ಟಿಗೇ ಇರಲಿ ಅಂದರೆ ಬ್ರುಡರ್‌ಹೋಫ್ ಅನ್ನುವ ಕ್ರೈಸ್ತ ಸಮುದಾಯ, ಅವರು ಹೊಸಬರನ್ನು ಕರೆಯುತ್ತಾರೆ ಸಹ. ಇನ್ನು ಮೆನೊನೈಟರು, ಅಂದರೆ 1525ರ ಅದೇ ಬೇರಿನಿಂದ ಬಂದ ಇನ್ನೊಂದು ಕವಲಿನವರು, ನಮ್ಮ ದೇಶದಲ್ಲೇ ಇದ್ದಾರೆ. ಛತ್ತೀಸ್‌ಗಢದ ಧಮ್ತರಿಗೆ 1899ರಲ್ಲಿ ಬರಗಾಲದ ಹೊತ್ತಿಗೆ ಬಂದವರು. ರಾಯಚೂರು ದಾಟಿದರೆ ಮೆಹಬೂಬನಗರದ ಕಡೆ ಮೆನೊನೈಟ್ ಬ್ರದರನ್ ಇಗರ್ಜಿಗಳು ಎಷ್ಟೋ ಇವೆ.

ಧಾರವಾಡ ದತ್ತೂ
ಮೆಹಬೂಬನಗರದಾಗ ಕುದುರಿ ಗಾಡಿ ಓಡಸ್ತಾರೇನ್ರಿ?

ಕುಡ್ಲ ಕ್ರಿಸ್ಟಿ
ಇಲ್ಲ ಮಾರಾಯ್ರೆ, ಬೈಕು, ಮೊಬೈಲು, ಮೈಕು ಎಲ್ಲ ಉಂಟು. ತೆಲುಗಿನಲ್ಲಿ ಹಾಡುತ್ತಾರೆ.

ಬೆಣ್ಣೆದೋಸೆ
ಊಟದ ಬಗ್ಗೆ ಯಾರೂ ಕೇಳ್ತಿಲ್ಲ. ತುಂಗಾತೀರ ಸಸ್ಯಾಹಾರಿನಾ?

ತುಂಗಾತೀರ
ಹೌದು. ಇಲ್ಲಿ ತನಕ ಬ್ರೆಡ್ಡು, ಆಲೂಗಡ್ಡೆ, ಬೀಟ್‌ರೂಟ್ ಉಪ್ಪಿನಕಾಯಿ, ಆಪಲ್ ಪೈ. ಅಜ್ಜಿಗೆ ನಾನು ಮಾಂಸ ತಿನ್ನಲ್ಲ ಅನ್ನೋದು ಏನೋ ಕಾಯಿಲೆ ಅನ್ನಿಸಿದೆ, ಪ್ರತಿ ಸಲ ಈಗ ಹೇಗಿದೆ ಅಂತ ವಿಚಾರಿಸ್ತಾರೆ.

ಎಲ್ಲರಿಗೂ ಥ್ಯಾಂಕ್ಸ್. ವಿಶ್ವ ಅವರು ಹೇಳಿದ ಮೇಲೆ ವಲಸೆ ವಕೀಲರ ಹತ್ತಿರ ಒಂದು ಸಲ ಮಾತಾಡ್ತೀನಿ. ಮುಂದಿನ ಆರಾಧನೆ ಭಾನುವಾರ ಅವರ ಭಾವನ ಮನೇಲಂತೆ, ಹೋಗ್ತೀನಿ.

ಸಂಶಯಪ್ಪ
ಹೋಗಿ ಬಾ. ಮೂರು ಗಂಟೆ ಜರ್ಮನ್ ಕೇಳಿ ಬಂದ ಮೇಲೆ ಇಲ್ಲೇ ಬರಿ. ಬೆನ್ನುನೋವಿನ ಮಾತ್ರೆ ಜೊತೆಗಿರಲಿ.

ಹಳೇ ಮೈಸೂರು
ವಿಷಯಾಂತರಕ್ಕೆ ಕ್ಷಮೆ ಇರಲಿ. ನಾನು ನ್ಯೂಜೆರ್ಸಿ. ಆಮಿಶ್ ಹಾಲಲ್ಲಿ ಮೊಸರು ಮಾಡಿದ್ರೆ ನಮ್ಮೂರ ಗಟ್ಟಿ ಮೊಸರಿನ ಹಾಗೇ ಬರುತ್ತೆ ಅಂತ ಕೇಳಿದ್ದೆ. ಕಾಯಿಸದ ಹಾಲು ಎಲ್ಲಿ ಸಿಗುತ್ತೆ ಲಲಿತಕ್ಕ?

ಲಲಿತಕ್ಕ
ನಿಮ್ಮ ನ್ಯೂಜೆರ್ಸಿಯಲ್ಲಿ ಹಸಿ ಹಾಲು ಮಾರೋ ಹಾಗಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಪರವಾನಗಿ ಇರೋ ಫಾರ್ಮ್‌ಗಳು ಮಾರಬಹುದು, ಬಾಗಿಲಲ್ಲೇ ಬೋರ್ಡ್ ಇರುತ್ತೆ. ಭಾನುವಾರ ಹೋಗಬೇಡಿ, ಮಾರಲ್ಲ. ತಂದವರು ದಯವಿಟ್ಟು ಕಾಯಿಸಿಯೇ ಕುಡೀರಿ, ಆಸ್ಪತ್ರೆಯವಳು ಹೇಳ್ತಿದ್ದೀನಿ.

ಕಟ್ಟೆಪುರಾಣ
ಒಹಾಯೋದಲ್ಲಿ?

ತುಂಗಾತೀರ
ಅಂಗಡಿಯಲ್ಲಿ ಮಾರೋ ಹಾಗಿಲ್ಲ. ಹಸುವಿನಲ್ಲಿ ಪಾಲು ಕೊಂಡು ನಮ್ಮ ಪಾಲಿನ ಹಾಲು ತಗೊಳ್ಳೋ ಪದ್ಧತಿ ಇದೆ. ತುಪ್ಪ ಕಾಯಿಸೋದಾದ್ರೆ ಅಷ್ಟು ಕಷ್ಟ ಬೇಡ, ಉರುಳೆಯಾಕಾರದ ಬೆಣ್ಣೆ ಇಲ್ಲಿ ಮಾಮೂಲಿ ಅಂಗಡಿಯಲ್ಲೇ ಸಿಗುತ್ತೆ. ಚೀಟಿ ಓದಿ ಉಪ್ಪಿಲ್ಲದ್ದೇ ತಗೊಳ್ಳಿ.

ಮಲ್ಲಿಗೆಮೊಗ್ಗು
ಕಾಯಿಸುವಾಗ ಎರಡು ವೀಳ್ಯದೆಲೆ ಹಾಕಿ. ಇಂಡಿಯನ್ ಸ್ಟೋರ್‌ನಲ್ಲಿ ಸಿಗದಿದ್ರೆ ನುಗ್ಗೆಸೊಪ್ಪೂ ಆಗುತ್ತೆ.

ಧಾರವಾಡ ದತ್ತೂ
ನುಗ್ಗಿಸೊಪ್ಪೇನ ಬೇಡ್ರಿ, ಮೆಂತ್ಯಾ ಕಾಳ ನಾಕು ಹಾಕ್ರಿ ಸಾಕು.